ಗಡಿಸೀಮೆಯಿಂದ ಮನೆಗೆ ಬರೆದ ಕಾಗದಗಳು

ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ. ಈ ಊರುಗಳ ಹೆಸರು ಕೇಳಿದೊಡನೆ ಇಂದಿನವರಿಗೆ ನೆನಪಾಗುವುದು ಹೆದ್ದಾರಿ, ವಿಮಾನ ನಿಲ್ದಾಣ, ರೇಷ್ಮೆ ಮಗ್ಗ, ಕಾರ್ಖಾನೆಗಳು. ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಇವೇ ಊರುಗಳು ಒಂದು ಗಡಿಸೀಮೆಯ ಠಾಣೆಗಳಾಗಿದ್ದವು. ಒಂದು ಕಡೆ ಮೈಸೂರಿನ ಹೈದರ್ ಮತ್ತು ಟಿಪ್ಪು, ಇನ್ನೊಂದು ಕಡೆ ಮದರಾಸಿನಿಂದ ಘಟ್ಟ ಹತ್ತಿ ಬರುತ್ತಿದ್ದ ಇಂಗ್ಲಿಷ್ ಕಂಪನಿ, ಮತ್ತೊಂದು ಕಡೆ ಮರಾಠರು ಮತ್ತು ನಿಜಾಮ. ಈ ಸೀಮೆಯ ಕೋಟೆಗಳು ಕೈಬದಲಾದ ತಾರೀಖುಗಳನ್ನು ಚರಿತ್ರೆಯ ಪುಸ್ತಕಗಳು ಕೊಡುತ್ತವೆ. ಆದರೆ ಗಡಿಯಲ್ಲಿದ್ದ ಮನುಷ್ಯನಿಗೆ ರಾತ್ರಿ ಮಲಗಲು ಚಾಪೆ ಇತ್ತೇ, ಸಂಬಳ ಸರಿಯಾಗಿ ಬರುತ್ತಿತ್ತೇ, ಊರು ಬಿಟ್ಟು ಹತ್ತು ವರ್ಷವಾದ ಮೇಲೆ ಅವನಿಗೆ ತನ್ನ ತಾಯಿಯ ಮುಖ ನೆನಪಿತ್ತೇ ಎಂಬುದನ್ನು ಅವು ಹೇಳುವುದಿಲ್ಲ. ಅದಕ್ಕೆ ಬೇರೆಯೇ ಒಂದು ಬಗೆಯ ದಾಖಲೆ ಬೇಕು. ಅದು ಮನೆಗೆ ಬರೆದ ಕಾಗದ.

ಅಂಥ ಕಾಗದಗಳ ಒಂದು ದೊಡ್ಡ ಕಟ್ಟು ನಮ್ಮ ನಾಡಿನ ಮಟ್ಟಿಗೆ ಉಳಿದುಬಂದಿದೆ. ಬರೆದವನು ಥಾಮಸ್ ಮನ್ರೋ. ಬಳ್ಳಾರಿ ಸೀಮೆಯ ಹಳಬರ ಬಾಯಲ್ಲಿ ಬರುವ, ಮಂತ್ರಾಲಯದ ಐತಿಹ್ಯದಲ್ಲಿ ಕಾಣುವ, ರೈತವಾರಿ ಪದ್ಧತಿಯ ಜೊತೆಗೆ ಹೆಸರು ತಳಕು ಹಾಕಿಕೊಂಡಿರುವ ಅದೇ ಮನ್ರೋ. 1780ರ ಜನವರಿಯಲ್ಲಿ ಹದಿನೆಂಟರ ಹುಡುಗನಾಗಿ ಮದರಾಸಿನ ದಡ ಸೇರಿದಾಗಿನಿಂದ ಗ್ಲಾಸ್ಗೋದಲ್ಲಿದ್ದ ತಂದೆಗೆ, ತಾಯಿಗೆ, ತಂಗಿ ಅರ್ಸ್ಕಿನ್‌ಗೆ ಅವನು ಬರೆಯುತ್ತಲೇ ಇದ್ದ. ಅವನು ತೀರಿಕೊಂಡ ಮೂರು ವರ್ಷಕ್ಕೆ, 1830ರಲ್ಲಿ, ಪಾದ್ರಿಯೂ ಲೇಖಕನೂ ಆಗಿದ್ದ ಜಿ. ಆರ್. ಗ್ಲೈಗ್ ಆ ಪತ್ರಗಳನ್ನು ಸೇರಿಸಿ ಅವನ ಜೀವನಚರಿತ್ರೆಯನ್ನು ಪ್ರಕಟಿಸಿದ. ಸರ್ಕಾರಕ್ಕೆ ಬರೆದ ವರದಿಗಳಲ್ಲಿ ಸಿಗದ ಮನ್ರೋ ಈ ಮನೆಯ ಕಾಗದಗಳಲ್ಲಿ ಸಿಗುತ್ತಾನೆ.

ವರ್ಜೀನಿಯದ ಹೊಗೆಸೊಪ್ಪು

ಮನ್ರೋ ಇಲ್ಲಿಗೆ ಬಂದದ್ದೇಕೆ? ಉತ್ತರ ಇರುವುದು ಅಮೆರಿಕದಲ್ಲಿ. ಅವನ ತಂದೆ ಅಲೆಕ್ಸಾಂಡರ್ ಮನ್ರೋ ವರ್ಜೀನಿಯದ ಹೊಗೆಸೊಪ್ಪಿನ ವ್ಯಾಪಾರಿ. ಹದಿನೆಂಟನೆಯ ಶತಮಾನದಲ್ಲಿ ಗ್ಲಾಸ್ಗೋ ನಗರ ಮೆರೆದದ್ದೇ ಈ ವ್ಯಾಪಾರದಿಂದ. ಅಮೆರಿಕದ ವಸಾಹತುಗಳು ದಂಗೆ ಎದ್ದು ಯುದ್ಧ ಆರಂಭವಾದಾಗ ಹಡಗುಗಳು ನಿಂತವು, ಬರಬೇಕಾದ ಬಾಕಿ ಮುಳುಗಿತು, ಮನ್ರೋ ಮನೆತನ ದಿವಾಳಿಯಾಯಿತು. ವ್ಯಾಪಾರಿಯಾಗಬೇಕಿದ್ದ ಮಗ ಕಂಪನಿಯ ದಂಡಿನಲ್ಲಿ ಕೆಡೆಟ್ ಆಗಿ ಹಡಗು ಹತ್ತಿದ. ಒಂದು ಖಂಡದ ಗಡಿಯಲ್ಲಿ ಕಳೆದುಕೊಂಡದ್ದನ್ನು ಇನ್ನೊಂದು ಖಂಡದ ಗಡಿಯಲ್ಲಿ ಸಂಪಾದಿಸಲು ಹೊರಟ ಅನೇಕ ಕುಟುಂಬಗಳಲ್ಲಿ ಇದೂ ಒಂದು.

ಇದು ಒಬ್ಬ ಕೆಡೆಟ್ಟಿನ ಕಥೆ ಮಾತ್ರವಲ್ಲ. 1781ರ ಅಕ್ಟೋಬರ್ 19ರಂದು ಅಮೆರಿಕದ ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್ಟನ್ನನಿಗೆ ಶರಣಾಗಿ ಆ ಯುದ್ಧವನ್ನು ಹೆಚ್ಚುಕಡಿಮೆ ಮುಗಿಸಿದ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್. ಅವನೇ ಐದು ವರ್ಷಗಳ ನಂತರ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. ಯಾರ್ಕ್‌ಟೌನಿನ ಸೋಲಿಗೆ ಸರಿಯಾಗಿ ಹತ್ತು ವರ್ಷ ತುಂಬಿದ ದಿನ, 1791ರ ಅಕ್ಟೋಬರ್ 19ರ ಬೆಳಗಿನ ಜಾವ, ಅವನ ದಂಡು ನಂದಿದುರ್ಗವನ್ನು ಹತ್ತಿ ಹಿಡಿಯಿತು. ಅಮೆರಿಕವನ್ನು ಕಳೆದುಕೊಂಡ ಅಪಕೀರ್ತಿಯನ್ನು ನಂದಿಯ ಬುಡದಲ್ಲಿ ತೊಳೆದುಕೊಳ್ಳಬೇಕಾದ ಹಂಗು ಅವನ ಮೇಲಿತ್ತು.

ಕಾಗದದ ದಾರಿ

ಆ ಕಾಲದ ಪತ್ರ ಇಂದಿನ ಪತ್ರದಂತಲ್ಲ. ಬೆಂಗಳೂರಿನ ಸುತ್ತಲಿನ ಬಿಡಾರದಲ್ಲಿ ಬರೆದದ್ದು ಓಟಗಾರರ ಕೈಯಲ್ಲಿ ಘಟ್ಟ ಇಳಿದು ಮದರಾಸಿಗೆ ಹೋಗಬೇಕು. ಅಲ್ಲಿ ಹಡಗು ಸಿಗುವ ತನಕ ಕಾಯಬೇಕು. ಹಡಗು ಆಫ್ರಿಕದ ತುದಿಯನ್ನು ಸುತ್ತಿಕೊಂಡು ಹೋಗುವುದಕ್ಕೆ ಐದಾರು ತಿಂಗಳು. ಉತ್ತರ ಬರಲು ಮತ್ತೆ ಅಷ್ಟೇ ಕಾಲ. ಹೀಗಾಗಿ ಮಗ ಕೇಳಿದ ಪ್ರಶ್ನೆಗೆ ತಂದೆಯ ಜವಾಬು ಬರುವಷ್ಟರಲ್ಲಿ ವರ್ಷ ಕಳೆದಿರುತ್ತಿತ್ತು, ಪ್ರಶ್ನೆ ಕೇಳಿದವನಿಗೇ ಮರೆತಿರುತ್ತಿತ್ತು. ಗಡಿಯ ಕಾಗದಗಳು ಉದ್ದವಾಗಿರುವುದಕ್ಕೆ, ಒಂದೊಂದೂ ಸಣ್ಣ ಪ್ರಬಂಧದಂತಿರುವುದಕ್ಕೆ ಇದೇ ಕಾರಣ. ವರ್ಷಕ್ಕೆ ಒಂದೆರಡು ಬಾರಿ ಬರೆಯುವಾಗ ಅರ್ಧ ಹಾಳೆಯಲ್ಲಿ ಮುಗಿಸಲಾಗದು.

ಮೈಸೂರು ಸೀಮೆಯಲ್ಲಿ ಅಂಚೆ ವ್ಯವಸ್ಥೆ ಆಗಲೇ ಇತ್ತು. ಚಿಕ್ಕದೇವರಾಜ ಒಡೆಯರ್ 1672ರಲ್ಲಿ ಆರಂಭಿಸಿದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ಸೇರುವವರೆಗೂ ನಡೆಯಿತು. ಆದರೆ ಅದು ಮೊದಲು ಅರಮನೆಯ ಕಣ್ಣು ಕಿವಿ, ಆಮೇಲೆ ಜನರ ಕೈ. ಸಾಮಾನ್ಯ ಸಿಪಾಯಿಯ ಅಥವಾ ರೈತನ ಕ್ಷೇಮಸಮಾಚಾರ ಹೋಗುತ್ತಿದ್ದದ್ದು ಸಂತೆಗೆ ಹೋಗುವವರ, ಜಾತ್ರೆಗೆ ಬರುವವರ ಬಾಯಿಯಲ್ಲೇ.

ದಿಂಬಿಲ್ಲದ ಸಾಹೇಬ

ಮನ್ರೋನ ಮೊದಲ ಕಾಗದಗಳು ನಗೆ ತರಿಸುತ್ತವೆ. ಮದರಾಸಿಗೆ ಬಂದಿಳಿದ ಹೊಸದರಲ್ಲಿ ಯೋಗ್ಯತಾಪತ್ರಗಳನ್ನು ಹಿಡಿದುಕೊಂಡು ಗಂಭೀರವಾದ ಒಬ್ಬ ದುಬಾಷಿ ಅವನ ಬಳಿಗೆ ಬಂದ. ನಿಮ್ಮ ಸೀಮೆಯ ಈ ದಪ್ಪ ಬಟ್ಟೆಗಳು ಇಲ್ಲಿ ಕೆಲಸಕ್ಕೆ ಬಾರವು, ಇವನ್ನು ಕೊಟ್ಟು ತಕ್ಕ ಬಟ್ಟೆ ಹೊಲಿಸಿ ತರುತ್ತೇನೆ ಎಂದು ನಂಬಿಸಿದ. ಹುಡುಗ ಪೆಟ್ಟಿಗೆಯ ಬಟ್ಟೆಯನ್ನೂ ಕೈಯಲ್ಲಿದ್ದ ಹಣವನ್ನೂ ಒಪ್ಪಿಸಿದ. ಮರುದಿನ ದುಬಾಷಿ ಬರಲಿಲ್ಲ, ಮತ್ತೆಂದೂ ಬರಲಿಲ್ಲ. ಮೈಮೇಲೆ ತೊಟ್ಟದ್ದಷ್ಟೇ ಉಳಿಯಿತು. ನವಾಬನಂತೆ ಬಾಳಲು ಬಂದವನ ಬಾಳು ಹೀಗೆ ಆರಂಭವಾಯಿತು.

1789ರಲ್ಲಿ ತಂಗಿಗೆ ಬರೆದ ಕಾಗದ ಇನ್ನೂ ಸೊಗಸಾಗಿದೆ. ಪೂರ್ವದೇಶದಲ್ಲಿ ಅಣ್ಣ ಸುಖದಲ್ಲಿ ತೇಲುತ್ತಿದ್ದಾನೆ ಎಂದು ಅವಳು ತಿಳಿದಂತಿತ್ತು. ಆ ಭ್ರಮೆಯನ್ನು ಬಿಡಿಸಲೆಂದೇ ತನ್ನ ಕೋಣೆಯ ವರ್ಣನೆಯನ್ನು ಅವನು ಬರೆಯುತ್ತಾನೆ. ಭಾರತಕ್ಕೆ ಬಂದು ಮೂರು ವರ್ಷದವರೆಗೆ ಅವನಿಗೆ ಸ್ವಂತದ ದಿಂಬೇ ಇರಲಿಲ್ಲ. ತಲೆಗೆ ಪುಸ್ತಕವೋ ತೋಟೆಯ ಚೀಲವೋ ಒದಗಬೇಕು. ಹಾಸಿಗೆ ಎಂದರೆ ನಾಲ್ಕು ಕೋಲಿಗೆ ಬಿಗಿದ ಕ್ಯಾನ್ವಾಸ್ ಬಟ್ಟೆ. ಚಳಿಯಾದರೆ ಊರಿನಿಂದ ತಂದ ದೊಡ್ಡ ಕೋಟಿನ ತೋಳಿನೊಳಗೆ ಕಾಲು ತೂರಿಸಿ, ಅದರ ಅಂಚನ್ನು ತಲೆಯ ಮೇಲೆ ಎಳೆದುಕೊಳ್ಳಬೇಕು. ಕಾಲು ಮುಚ್ಚಿದರೆ ಕುತ್ತಿಗೆ ಬಯಲು, ಕುತ್ತಿಗೆ ಮುಚ್ಚಿದರೆ ಕಾಲು ಬಯಲು. ದರ್ಜಿ ಕೋಟು ಹೊಲಿಯುವಾಗ ಇದು ಕಂಬಳಿಯೂ ಆಗಬೇಕಾದೀತು ಎಂದು ಯೋಚಿಸಿರಲಿಲ್ಲ ಎಂಬುದು ಅವನ ದೂರು. ಕೊನೆಗೆ ಒಂದು ದಿಂಬು, ಎರಡು ದೊಡ್ಡ ಚಮಚ, ಎರಡು ಚಿಕ್ಕ ಚಮಚ, ಇನ್ನೊಂದು ಕುರ್ಚಿ ಕೊಂಡು ದೊಡ್ಡ ಮನುಷ್ಯನಾದ. ಮೂರು ತಿಂಗಳೊಳಗೆ ಮೂರು ಚಮಚ ಕಳೆದುಹೋದವು, ಒಂದು ಕುರ್ಚಿ ಮುರಿಯಿತು.

ಈ ನಗೆಯ ಹಿಂದೆ ಒಂದು ಲೆಕ್ಕವಿದೆ. ಇದೇ ಬಡ ಅಧಿಕಾರಿ ತನ್ನ ಸೋದರ ಅಲೆಕ್ಸಾಂಡರನ ಜೊತೆ ಸೇರಿ ಊರಿನಲ್ಲಿದ್ದ ತಂದೆಗೆ ವರ್ಷಕ್ಕೆ 100 ಪೌಂಡು ಕಳಿಸುವ ಏರ್ಪಾಟು ಮಾಡಿದ್ದ. ದಿಂಬಿಲ್ಲದೆ ಮಲಗಿದ್ದ ಮಗನ ಹಣದಲ್ಲಿ ದಿವಾಳಿಯಾದ ಮನೆಯ ಒಲೆ ಉರಿಯುತ್ತಿತ್ತು. ಪರದೇಶಕ್ಕೆ ಹೋದ ಮಕ್ಕಳಿರುವ ಯಾವ ಮನೆಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಷ್ಟವನ್ನು ತಮಾಷೆ ಮಾಡಿ ಬರೆಯುವುದು, ಹಣ ಕಳಿಸಿದ್ದನ್ನು ಒಂದೇ ಸಾಲಿನಲ್ಲಿ ಮುಗಿಸುವುದು ಮನೆಯ ಪತ್ರದ ಹಳೆಯ ರೀತಿ.

ಹೊಸಕೋಟೆಯ ದಾರಿ

1790ರಲ್ಲಿ ಮೂರನೆಯ ಮೈಸೂರು ಯುದ್ಧ ಆರಂಭವಾಯಿತು. ಅದಕ್ಕೂ ಮುನ್ನವೇ ತಂದೆಗೆ ಬರೆದ ಕಾಗದದಲ್ಲಿ ಮನ್ರೋ ಟಿಪ್ಪುವಿನ ರಾಜ್ಯವನ್ನು ಅಳೆದು ತೂಗಿದ್ದಾನೆ. ಅವನ ಅಭಿಪ್ರಾಯದಲ್ಲಿ ಅದು ನಿರಂಕುಶ ಪ್ರಭುತ್ವ ನಿಜ, ಆದರೆ ಅಷ್ಟೇ ವ್ಯವಸ್ಥಿತ. ಹೈದರನ ಪ್ರತಿಭೆ ಪ್ರತಿಯೊಂದು ಇಲಾಖೆಗೂ ಒಂದು ಕಟ್ಟು ಹಾಕಿಕೊಟ್ಟಿದೆ, ಅಲ್ಲಿ ಹುಟ್ಟಿನ ಹಿರಿಮೆಗೆ ಬೆಲೆ ಇಲ್ಲ, ಶಿಸ್ತಿನ ದೊಡ್ಡ ಸೈನ್ಯವಿದೆ. ಭಾರತದಲ್ಲಿ ಹಿಂದೆಂದೂ ಕಾಣದ ಬಲ ಆ ಸರ್ಕಾರಕ್ಕಿದೆ. ಆದ್ದರಿಂದಲೇ ಅದನ್ನು ಮುರಿಯಬೇಕು ಎಂಬುದು ಅವನ ತೀರ್ಮಾನ. ಶತ್ರುವನ್ನು ಹೊಗಳಿ, ಆ ಹೊಗಳಿಕೆಯನ್ನೇ ಯುದ್ಧಕ್ಕೆ ಕಾರಣವಾಗಿಸುವ ಈ ತರ್ಕವನ್ನು ಮನ್ರೋ ಮುಚ್ಚುಮರೆಯಿಲ್ಲದೆ ಬರೆದ. ತಂದೆಗೆ ಬರೆಯುವಾಗ ನೀತಿಯ ಮುಸುಕು ಬೇಕಿರಲಿಲ್ಲ.

1791ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಮೊಗಿಲಿ ಘಟ್ಟ ಹತ್ತಿ, ಕೋಲಾರ ಮತ್ತು ಹೊಸಕೋಟೆಗಳನ್ನು ಹೆಚ್ಚು ಪ್ರತಿರೋಧವಿಲ್ಲದೆ ಹಿಡಿದು, ಮಾರ್ಚ್ 5ರಂದು ಬೆಂಗಳೂರಿನ ಮುಂದೆ ಬೀಡುಬಿಟ್ಟ. 7ರಂದು ಪೇಟೆ ಬಿತ್ತು. ಆ ದಿನ ಪೇಟೆಯ ಬಾಗಿಲಲ್ಲಿ ಕರ್ನಲ್ ಮೂರ್‌ಹೌಸ್ ಸತ್ತ. 21ರ ರಾತ್ರಿ ಕೋಟೆ ಬಿದ್ದಾಗ ಮುದಿ ಕಿಲ್ಲೇದಾರ ಬಹದ್ದೂರ್ ಖಾನ್ ಹೋರಾಡುತ್ತಲೇ ಮಡಿದ. ಅಲ್ಲಿಂದ ದಂಡು ಉತ್ತರಕ್ಕೆ ತಿರುಗಿತು. ದೇವನಹಳ್ಳಿ ಮತ್ತು ಚಿಕ್ಕಬಳ್ಳಾಪುರದ ಕೋಟೆಗಳು ಶರಣಾದವು. ನಿಜಾಮನ ಕುದುರೆ ಸವಾರರು ಏಪ್ರಿಲ್‌ನಲ್ಲಿ ಬಂದು ಕೂಡಿಕೊಂಡರು. ಆ ಬೇಸಿಗೆಯಲ್ಲಿ ಈ ಸೀಮೆಯ ಹುಲ್ಲು, ರಾಗಿ, ಹುರುಳಿ, ಎತ್ತು ಎಲ್ಲವೂ ಮೂರು ನಾಲ್ಕು ಸೈನ್ಯಗಳ ಹೊಟ್ಟೆಗೆ ಬೇಕಾಗಿದ್ದವು.

ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದವರೆಗೆ ಹೋದ ಕಾರ್ನ್‌ವಾಲಿಸ್ ಮಳೆಗೆ, ಹಸಿವಿಗೆ, ಜಾನುವಾರು ರೋಗಕ್ಕೆ ಸಿಕ್ಕಿ ಭಾರದ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂತಿರುಗಬೇಕಾಯಿತು. ಎಳೆಯಲು ಎತ್ತೇ ಉಳಿದಿರಲಿಲ್ಲ. ಆ ವರ್ಷದ ಮಳೆಗಾಲದ ಕೊನೆಗೆ ಸ್ವತಃ ಗವರ್ನರ್ ಜನರಲ್ಲೇ ಬಿಷಪ್ ಆಗಿದ್ದ ತನ್ನ ಸೋದರನಿಗೆ ಬರೆದ ಕಾಗದದಲ್ಲಿ, ಮನಸ್ಸು ಸೋತುಹೋಗಿದೆ, ಟಿಪ್ಪುವನ್ನು ಬೇಗ ಗೆಲ್ಲದಿದ್ದರೆ ಈ ಯುದ್ಧದ ಕಿರುಕುಳವೇ ತನ್ನನ್ನು ಗೆದ್ದುಬಿಡುತ್ತದೆ ಎಂಬರ್ಥದ ಮಾತು ಬರೆದ. ಲಂಡನ್ನಿಗೆ ಹೋದ ಸರ್ಕಾರಿ ಕಾಗದಗಳಲ್ಲಿ ಇಂಥ ದನಿ ಕೇಳುವುದಿಲ್ಲ. ನಂದಿದುರ್ಗವನ್ನು ಹತ್ತಿಸಿದ ಸೇನಾಪತಿ ಅದಕ್ಕೆ ಕೆಲವೇ ವಾರಗಳ ಮುಂಚೆ ಎಷ್ಟು ಕುಗ್ಗಿದ್ದ ಎಂಬುದು ತಿಳಿದಿರುವುದು ಮನೆಗೆ ಹೋದ ಕಾಗದದಿಂದ.

1792ರ ಮಾರ್ಚ್‌ನಲ್ಲಿ ಒಪ್ಪಂದವಾಗಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. ಮನ್ರೋಗೆ ಸಮಾಧಾನವಾಗಲಿಲ್ಲ. ಅರ್ಧಕ್ಕೇ ಬಿಟ್ಟದ್ದು ತಪ್ಪು, ಹೀಗೆ ಎಲ್ಲವನ್ನೂ ಸೌಮ್ಯದಿಂದ ಮಾಡುತ್ತ ಹೋದರೆ ಇಪ್ಪತ್ತು ವರ್ಷದಲ್ಲಿ ನಾವೆಲ್ಲ ಯುದ್ಧವನ್ನೇ ಒಲ್ಲದ ಕ್ವೇಕರ್ ಪಂಥದವರಾಗುತ್ತೇವೆ ಎಂದು ತಂದೆಯ ಮುಂದೆ ಚುಚ್ಚಿ ಆಡಿದ. ತಂಗಿಗೆ ಕೋಟಿನ ಕಥೆ ಹೇಳಿ ನಗಿಸಿದವನೂ ಒಂದು ರಾಜ್ಯ ಪೂರ್ತಿ ಅಳಿಯಲಿಲ್ಲವಲ್ಲ ಎಂದು ಕೊರಗಿದವನೂ ಒಬ್ಬನೇ. ಗಡಿಯ ಪತ್ರಗಳನ್ನು ಓದುವಾಗ ಈ ಎರಡನ್ನೂ ಒಟ್ಟಿಗೇ ಹಿಡಿದುಕೊಳ್ಳಬೇಕು.

ಕಾಗದವಿಲ್ಲದ ಕುಟುಂಬ

ಗಡಿಯ ಆಚೆಯ ಕುಟುಂಬದ ಕಥೆಯೂ ಇದೇ ಜಿಲ್ಲೆಗೆ ಸೇರಿದ್ದು. ಹೈದರ್ ಚಿಕ್ಕವನಿದ್ದಾಗ ಅವನ ತಂದೆ ಯುದ್ಧದಲ್ಲಿ ಸತ್ತ. ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿ ಖಾನ್ ಬಾಕಿ ಹಣಕ್ಕಾಗಿ ಹುಡುಗರಿಬ್ಬರನ್ನು, ಹೈದರನನ್ನೂ ಅವನ ಅಣ್ಣ ಶಹಬಾಜನನ್ನೂ, ನಗಾರಿಯೊಳಗೆ ಕೂರಿಸಿ ಹಿಂಸಿಸಿದನೆಂದು ಚರಿತ್ರಕಾರರು ಬರೆದಿದ್ದಾರೆ. ಅದೇ ಹೈದರ್ 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಮೈಸೂರು ದಳವಾಯಿಗಳ ಕಣ್ಣಿಗೆ ಬಿದ್ದ. 1761ರಲ್ಲಿ ಹೊಸಕೋಟೆಯೂ ದೊಡ್ಡಬಳ್ಳಾಪುರವೂ ಅವನ ಕೈಗೆ ಬಂದಾಗ ಅಬ್ಬಾಸ್ ಕುಲಿ ಖಾನ್ ಮದರಾಸಿಗೆ ಓಡಿಹೋದ. ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ, 1750ರ ನವೆಂಬರ್‌ನಲ್ಲಿ ಎಂಬುದು ಸಾಮಾನ್ಯವಾಗಿ ಹೇಳುವ ಕಾಲ.

1792ರ ಒಪ್ಪಂದದ ಪ್ರಕಾರ ಟಿಪ್ಪು ತನ್ನ ಇಬ್ಬರು ಮಕ್ಕಳನ್ನು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನರನ್ನು, ಒತ್ತೆಯಾಗಿ ಕೊಡಬೇಕಾಯಿತು. ಒಬ್ಬನಿಗೆ ಸುಮಾರು ಹತ್ತು ವರ್ಷ, ಇನ್ನೊಬ್ಬನಿಗೆ ಎಂಟು. ಮಕ್ಕಳನ್ನು ಒಪ್ಪಿಸಿಕೊಳ್ಳುವ ಆ ದೃಶ್ಯವನ್ನು ಇಂಗ್ಲೆಂಡಿನ ಚಿತ್ರಕಾರರು ಮತ್ತೆ ಮತ್ತೆ ಬರೆದರು, ಅದರ ಅಚ್ಚುಗಳು ಅಲ್ಲಿನ ಮನೆಮನೆಗೆ ಹೋದವು. ಎರಡು ವರ್ಷ ಮದರಾಸಿನಲ್ಲಿದ್ದ ಮಕ್ಕಳು 1794ರ ಮಾರ್ಚ್‌ನಲ್ಲಿ ಹಿಂದಿರುಗಿದರು. ಕ್ಯಾಪ್ಟನ್ ಡವ್ಟನ್ ಅವರನ್ನು ಕರೆತಂದು ತಂದೆಗೆ ಒಪ್ಪಿಸಿದ್ದು ದೇವನಹಳ್ಳಿಯಲ್ಲಿ, ತಂದೆ ಹುಟ್ಟಿದ ಊರಿನಲ್ಲಿ. ಅಂದು ಅಪ್ಪ ಏನು ಮಾತಾಡಿದ, ಆ ಎರಡು ವರ್ಷ ತಾಯಂದಿರು ಹೇಗೆ ಕಳೆದರು ಎಂಬುದನ್ನು ತಿಳಿಸುವ ಮನೆಯ ಕಾಗದ ಯಾವುದೂ ಓದುಗರ ಕೈಗೆ ಬಂದಿಲ್ಲ. ಟಿಪ್ಪುವಿನ ಆಡಳಿತದ ಪತ್ರಗಳನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದ. ಅದರಲ್ಲಿ ಅಧಿಕಾರಿಗಳನ್ನು ಗದರಿಸುವ ಸುಲ್ತಾನ ಇದ್ದಾನೆ, ಮಕ್ಕಳಿಗಾಗಿ ಕಾದ ಅಪ್ಪನಿಲ್ಲ.

ಡೇರೆಯಲ್ಲಿ ಕುಳಿತು ಕೇಳಿದ ಕಥೆಗಳು

ಯುದ್ಧ ಮುಗಿದ ಮೇಲೆ ಮನ್ರೋ ಏಳು ವರ್ಷ ಬಾರಾಮಹಲಿನಲ್ಲಿ, ಅಂದರೆ ಇಂದಿನ ಕೃಷ್ಣಗಿರಿ ಧರ್ಮಪುರಿಗಳ ಸೀಮೆಯಲ್ಲಿ, ಕ್ಯಾಪ್ಟನ್ ರೀಡನ ಕೈಕೆಳಗೆ ಕಂದಾಯದ ಕೆಲಸ ಮಾಡಿದ. ಅಲ್ಲಿಂದ ಮನೆಗೆ ಬರೆದ ಒಂದು ಕಾಗದದಲ್ಲಿ ಡೇರೆಯ ದಿನಚರಿ ಇದೆ. ಬೆಳಿಗ್ಗೆ ಏಳಕ್ಕೆ ಜನ ಬರಲು ಶುರುವಾದರೆ ನಡುಹಗಲಾದರೂ ಮುಗಿಯದು. ಪತ್ರ ಬರೆಯುತ್ತಿರುವಾಗಲೂ ಸುತ್ತ ಹತ್ತು ಹನ್ನೆರಡು ಮಂದಿ ಮಾತಾಡುತ್ತಿದ್ದಾರೆ. ಒಬ್ಬನಿಗೆ ಅಪ್ಪನ ಕಾಲದ, ಮೂವತ್ತು ವರ್ಷದ ಹಳೆಯ ಸಾಲದ ತಗಾದೆ. ಇನ್ನೊಬ್ಬ ಯುದ್ಧಕಾಲದಲ್ಲಿ ಊರು ಬಿಟ್ಟಿದ್ದಾಗ ತಮ್ಮನೇ ಆಸ್ತಿ ಲಪಟಾಯಿಸಿದನೆನ್ನುತ್ತಾನೆ. ಮೂರನೆಯವನಿಗೆ ಈ ವರ್ಷ ಪೂರಾ ಕಂದಾಯ ಕಟ್ಟಲಾಗದು, ಏಕೆಂದರೆ ಹೆಂಡತಿ ಸತ್ತಿದ್ದಾಳೆ. ಅವಳು ಅವನ ಒಳ್ಳೆಯ ಎತ್ತಿಗಿಂತ ಹೆಚ್ಚು ದುಡಿಯುತ್ತಿದ್ದಳಂತೆ. ಯಾರಿಗೂ ನೇರ ವಿಷಯಕ್ಕೆ ಬರುವ ಆತುರವಿಲ್ಲ. ಅರ್ಧ ಗಂಟೆಯಲ್ಲಿ ಒಂದು ಕಥೆ ಮುಗಿದರೆ ಅದೇ ಪುಣ್ಯ.

ಓದಿ ನಗುವಂತಿದ್ದರೂ ಇದರಲ್ಲಿ ಗಟ್ಟಿ ಸಂಗತಿಯಿದೆ. ಬಂಗಾಳದಲ್ಲಿ ಕಾರ್ನ್‌ವಾಲಿಸ್ 1793ರಲ್ಲಿ ಜಮೀನ್ದಾರರ ಜೊತೆ ಕಾಯಂ ಕಂದಾಯದ ಕರಾರು ಮಾಡಿಕೊಂಡ. ಸರ್ಕಾರಕ್ಕೂ ರೈತನಿಗೂ ನಡುವೆ ಜಮೀನ್ದಾರ ಬಂದು ನಿಂತ. ರೀಡ್ ಮತ್ತು ಮನ್ರೋ ಬೇರೆ ದಾರಿ ಹಿಡಿದರು. ಹೊಲವನ್ನು ಅಳೆದು, ಉಳುವವನ ಹೆಸರಿಗೇ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿ ಅದು. ಮನ್ರೋ ಗವರ್ನರ್ ಆದ ಮೇಲೆ, 1820ರಿಂದ, ಮದರಾಸು ಪ್ರಾಂತ್ಯದಲ್ಲಿ ಇದೇ ಸಾಮಾನ್ಯ ನಿಯಮವಾಯಿತು. ಬಳ್ಳಾರಿ, ದಕ್ಷಿಣ ಕನ್ನಡ, ಕೊಳ್ಳೇಗಾಲಗಳು ಆ ಪ್ರಾಂತ್ಯದಲ್ಲಿದ್ದವು. ಎತ್ತಿಗಿಂತ ಹೆಚ್ಚು ದುಡಿದ ಹೆಂಡತಿಯ ಕಥೆಯನ್ನು ಅರ್ಧ ಗಂಟೆ ಕೂತು ಕೇಳಿದವನಿಗೆ ರೈತ ಎಂಬುವನು ಲೆಕ್ಕದ ಪುಸ್ತಕದ ಸಾಲು ಮಾತ್ರವಾಗಿ ಉಳಿಯಲಿಲ್ಲ. ಆದರೂ ಕಂದಾಯದ ಭಾರ ಹಗುರವಾಗಲಿಲ್ಲ ಎಂಬುದೂ ಅಷ್ಟೇ ನಿಜ. 1807ರಲ್ಲಿ ಮನ್ರೋನೇ ತಾನು ವಿಧಿಸಿದ ದರವನ್ನು ಶೇಕಡ 25ರಷ್ಟು ಇಳಿಸಬೇಕೆಂದು ಶಿಫಾರಸು ಮಾಡಬೇಕಾಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಜ್ಯ ಹಂಚುವ ಸಮಿತಿಗೆ ಮನ್ರೋ ಮತ್ತು ಜಾನ್ ಮಾಲ್ಕಮ್ ಕಾರ್ಯದರ್ಶಿಗಳಾಗಿದ್ದರು. ಅಲ್ಲಿಂದ ಅವನನ್ನು ಕನ್ನಡ ಜಿಲ್ಲೆಗೆ, ಎಂದರೆ ಕರಾವಳಿಗೆ, ಕಲೆಕ್ಟರನಾಗಿ ಕಳಿಸಿದರು. ಒಲ್ಲದ ಮನಸ್ಸಿನಿಂದ ಹೋದವನ ಕಾಗದಗಳಲ್ಲಿ ಕರಾವಳಿಯ ಬಿಡದ ಮಳೆಯ ಮೇಲಿನ ಸಿಟ್ಟೇ ಸಿಟ್ಟು. ಧರ್ಮಪುರಿಯಲ್ಲಿ ತಾನು ಬೆಳೆಸಿದ್ದ ತೋಟದ ನೆನಪು ಅವನನ್ನು ಬಿಡಲಿಲ್ಲ. 1800ರಿಂದ 1807ರವರೆಗೆ ಬಳ್ಳಾರಿ, ಅನಂತಪುರ, ಕಡಪ ಸೇರಿದ ದತ್ತ ಮಂಡಲದಲ್ಲಿ ದುಡಿದ. ರಾಘವೇಂದ್ರ ಸ್ವಾಮಿಗಳು ಮನ್ರೋಗೆ ದರ್ಶನವಿತ್ತು ಮಾತಾಡಿದರೆಂಬ ಮಂತ್ರಾಲಯದ ಐತಿಹ್ಯ ಈ ಕಾಲಕ್ಕೆ ಸೇರಿದ್ದು. ಜನ ಒಬ್ಬ ಅಧಿಕಾರಿಯನ್ನು ಹೇಗೆ ನೆನಪಿಟ್ಟುಕೊಳ್ಳುತ್ತಾರೆ ಎಂಬುದಕ್ಕೆ ಅದೊಂದು ನಿದರ್ಶನ.

ಹಿಂತಿರುಗಿದವನಿಗೆ ಸಿಗದ ಊರು

ಇಪ್ಪತ್ತೆಂಟು ವರ್ಷಗಳ ಬಳಿಕ 1808ರಲ್ಲಿ ಮನ್ರೋ ಊರಿಗೆ ಹೋದ. ಕಿವಿ ಮಂದವಾಗಿತ್ತು. ಬಾಲ್ಯದಲ್ಲಿ ಆಡಿದ ಹೊಳೆಯ ದಡಕ್ಕೆ ಒಬ್ಬನೇ ಹೋಗಿ, ಎಡೆಬಿಡದೆ ಸುರಿಯುವ ಮಳೆಯಲ್ಲಿ, ಒಣಗಿದ ಎಲೆಗಳು ಉದುರುತ್ತಿರುವಾಗ, ಅಣೆಕಟ್ಟೆಯ ಮೇಲೆ ನೀರು ಹಾಯುವುದನ್ನು ಒಂದು ಗಂಟೆಗೂ ಹೆಚ್ಚು ನೋಡುತ್ತ ನಿಂತದ್ದನ್ನು ತಂಗಿಗೆ ಬರೆದಿದ್ದಾನೆ. ನೀರಿನ ಸದ್ದು ಹಳೆಯದೇ, ಮರಗಳಲ್ಲಿ ಗಾಳಿಯ ಸದ್ದೂ ಹಳೆಯದೇ. ಆದರೆ ಎದುರು ದಡದಲ್ಲಿ ಯಾರೋ ಕಟ್ಟಿಸಿದ ಹೊಸ ಮನೆಯೊಂದು ಕಣ್ಣಿಗೆ ಬಿದ್ದು, ಕಳೆದ ಕಾಲ ಕಳೆದೇಹೋಯಿತು ಎಂದು ಮನಸ್ಸಿಗೆ ನಾಟಿತು. ಕರಾವಳಿಯ ಮಳೆಯನ್ನು ಶಪಿಸಿದವನು ಊರಿನ ಮಳೆಯಲ್ಲಿ ನೆನೆಯುತ್ತ ನಿಂತ ಚಿತ್ರ ಇದು. ಪರಸ್ಥಳದಲ್ಲಿ ಬಾಳಿದವನಿಗೆ ಅಲ್ಲಿಯೂ ಊರಿಲ್ಲ, ಇಲ್ಲಿಯೂ ಊರಿಲ್ಲ ಎಂಬ ಸ್ಥಿತಿ ಇಂದಿನದಲ್ಲ.

1820ರಲ್ಲಿ ಮದರಾಸಿನ ಗವರ್ನರ್ ಆಗಿ ಮತ್ತೆ ಬಂದ. 1825ರಲ್ಲಿ ಮೈಸೂರಿಗೆ ಭೇಟಿ ಕೊಟ್ಟು, ಆಡಳಿತ ಸುಧಾರಿಸದಿದ್ದರೆ ಕಂಪನಿ ಕೈಹಾಕಬೇಕಾದೀತೆಂದು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಎಚ್ಚರಿಸಿದ. 1831ರಲ್ಲಿ ನಡೆದದ್ದೂ ಅದೇ. ಆ ಗಡಸು ಗವರ್ನರನೇ, ಮಗುವಿನ ಅನಾರೋಗ್ಯದಿಂದ ಹೆಂಡತಿ ಇಂಗ್ಲೆಂಡಿಗೆ ಹೊರಟ ಮೇಲೆ, ಗಿಂಡಿಯ ಬಂಗಲೆ ಬಿಕೋ ಎನ್ನುತ್ತಿದೆ ಎಂದು ಅವಳಿಗೆ ಕಾಗದ ಬರೆದ. ಅವರು ಮತ್ತೆ ಸೇರಲಿಲ್ಲ. ಊರಿಗೆ ಮರಳುವ ಮುನ್ನ ದತ್ತ ಮಂಡಲವನ್ನು ಕೊನೆಯ ಬಾರಿ ನೋಡಲು ಹೋಗಿ, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ.

ಎಲ್ಲ ಗಡಿಗಳ ಪತ್ರಗಳು

ಇಂಥ ಕಾಗದಗಳು ಈ ಗಡಿಯ ಸ್ವತ್ತು ಮಾತ್ರವಲ್ಲ. ಮನ್ರೋ ಮನೆತನಕ್ಕೆ ಮುಚ್ಚಿದ ಅಮೆರಿಕದಲ್ಲಿ ಮುಂದೆ ಗಡಿ ಪಶ್ಚಿಮಕ್ಕೆ ಸರಿಯುತ್ತ ಹೋದಂತೆ ಅಲ್ಲಿಯೂ ಇದೇ ಬಗೆಯ ಪತ್ರಗಳು ಹುಟ್ಟಿದವು. 1836ರಲ್ಲಿ ರಾಕಿ ಪರ್ವತಗಳನ್ನು ದಾಟಿ ಆರೆಗನ್ ಸೀಮೆಗೆ ಹೋದ ನಾರ್ಸಿಸಾ ವಿಟ್‌ಮನ್ ತೌರಿಗೆ ಬರೆದಳು. ಕ್ಯಾಲಿಫೋರ್ನಿಯದ ಚಿನ್ನದ ಗಣಿಯ ಬಿಡಾರಗಳಿಂದ ಲೂಯಿಸ್ ಕ್ಲಾಪ್ 1851 ಮತ್ತು 1852ರಲ್ಲಿ ತನ್ನ ತಂಗಿಗೆಂದು 23 ಪತ್ರಗಳನ್ನು ಬರೆದಳು. ‘ಡೇಮ್ ಶರ್ಲಿ’ ಎಂಬ ಹೆಸರಿನಲ್ಲಿ ಅವು ಅಚ್ಚಾದವು. ಬಟ್ಟೆಯ ಗೋಡೆ, ಹಲಗೆಯ ಹಾಸಿಗೆ, ಮುರುಕು ಕುರ್ಚಿಗಳ ಬಗ್ಗೆ ಅಲ್ಲಿಯೂ ಅದೇ ನಗೆ. ತಿಂಗಳುಗಟ್ಟಲೆ ಬಾರದ ಅಂಚೆಗಾಗಿ ಅಲ್ಲಿಯೂ ಅದೇ ಕಾಯುವಿಕೆ. ಮತ್ತು ಆ ನೆಲದಲ್ಲಿ ಮೊದಲಿನಿಂದ ಬಾಳುತ್ತಿದ್ದ ಮೂಲನಿವಾಸಿಗಳ ಮನೆಯ ಮಾತು ಅಲ್ಲಿಯೂ ವಿರಳ.

ಗಡಿಯ ಪತ್ರಗಳ ಕೊರತೆ ಇರುವುದು ಇಲ್ಲಿಯೇ. ಬರೆಯಬಲ್ಲವನ, ಹಡಗಿಗೆ ಹಣ ಕೊಡಬಲ್ಲವನ, ಬರೆದದ್ದನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡುವ ಮನೆಯುಳ್ಳವನ ಕಥೆ ಉಳಿಯಿತು. ಹೊಸಕೋಟೆಯ ದಾರಿಯಲ್ಲಿ ಎತ್ತು ಕಳೆದುಕೊಂಡವನ, ಬೆಂಗಳೂರು ಕೋಟೆಯಲ್ಲಿ ಸತ್ತ ಸಿಪಾಯಿಯ ಹೆಂಡತಿಯ ಕಥೆ ಉಳಿಯಲಿಲ್ಲ. ಇದನ್ನು ಸ್ವಲ್ಪ ತುಂಬಿಕೊಡುವ ದಾಖಲೆಗಳೂ ಇವೆ. ಕರ್ನಲ್ ಮೆಕೆಂಜಿ ಊರೂರು ತಿರುಗಿ ಶಾನುಭೋಗರಿಂದ ಬರೆಸಿದ ಕೈಫಿಯತ್ತುಗಳಲ್ಲಿ ಊರವರ ನೆನಪಿದೆ. ಎಂ. ಎಂ. ಕಲಬುರ್ಗಿ ಅವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳ ಸಂಪುಟದಿಂದ ಅವು ಕನ್ನಡ ಓದುಗರಿಗೆ ಸಿಕ್ಕಿವೆ. ಯುದ್ಧ ಮುಗಿದ ಮರುವರ್ಷ, 1800ರಲ್ಲಿ, ಇದೇ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬೆಳೆ, ಮಗ್ಗ, ಸಂತೆಗಳ ವಿವರವನ್ನು ದಿನಚರಿಯಲ್ಲಿ ಬರೆದಿಟ್ಟ. ಆದರೆ ಕೈಫಿಯತ್ತು ಸಾಹೇಬರು ಕೇಳಿದ್ದಕ್ಕೆ ಕೊಟ್ಟ ಉತ್ತರ, ದಿನಚರಿ ಸರ್ಕಾರಕ್ಕೆ ಬರೆದ ವರದಿ. ತಂಗಿಗೆ ಬರೆದ ಕಾಗದದ ಸಲಿಗೆ ಅವುಗಳಿಗಿಲ್ಲ.

ಕನ್ನಡದ ಮನೆಗಳಲ್ಲಿ ಕಾಗದ ಹೇರಳವಾಗಿ ಬರತೊಡಗಿದ್ದು ಕಾರ್ಡು ಅಗ್ಗವಾದ ಮೇಲೆ, ಮಕ್ಕಳು ಓದಲು ಬೆಂಗಳೂರಿಗೂ ನೌಕರಿಗೆ ಮುಂಬಯಿಗೂ ಹೊರಟ ಮೇಲೆ. ಮೇಲೆ ‘ಶ್ರೀ’ ಬರೆದು, ಉಭಯ ಕುಶಲೋಪರಿ ಸಾಂಪ್ರತವನ್ನು ನಾಲ್ಕು ಅಕ್ಷರದಲ್ಲಿ ಮುಗಿಸಿ, ಕೊನೆಗೆ ನಮಸ್ಕಾರ ಆಶೀರ್ವಾದಗಳನ್ನು ಹಂಚುವ ಆ ಕಾಗದಗಳನ್ನು ಓದಿದ ಬಳಿಕ ಕೊಕ್ಕೆಯಂತೆ ಬಗ್ಗಿಸಿದ ತಂತಿಗೆ ಚುಚ್ಚಿ ತೂಗುಹಾಕುತ್ತಿದ್ದರು. ಸಾವಿನ ಸುದ್ದಿ ತಂದದ್ದನ್ನು ಮಾತ್ರ ಓದಿದ ಕೂಡಲೇ ಹರಿದುಹಾಕುವ ರೂಢಿ. ಆದ್ದರಿಂದ ನಮ್ಮ ತಂತಿಗಳಲ್ಲಿ ಮದುವೆ, ಮಳೆ, ಬೆಳೆ, ಪರೀಕ್ಷೆ, ಹಣದ ಅಡಚಣೆ ಎಲ್ಲ ಇರುತ್ತವೆ, ಸಾವು ಮಾತ್ರ ಇರುವುದಿಲ್ಲ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾಯಿತು. ಗ್ಲಾಸ್ಗೋದ ಕಾಗದ ಆರು ತಿಂಗಳು ತೆಗೆದುಕೊಂಡ ದೂರಕ್ಕೆ ಅಲ್ಲಿಂದ ಹೊರಟ ಮಕ್ಕಳು ಒಂದು ದಿನದೊಳಗೆ ತಲಪುತ್ತಾರೆ, ಇಳಿದೊಡನೆ ಮಾತಾಡುತ್ತಾರೆ. ಅಪ್ಪ ಅಮ್ಮಂದಿರಿಗೆ ಇದರಷ್ಟು ಸಮಾಧಾನ ಬೇರೆ ಇಲ್ಲ. ಆದರೆ ಆಡಿದ ಮಾತು ಅಲ್ಲಿಗೇ ಮುಗಿಯುತ್ತದೆ. ಇನ್ನೂರು ವರ್ಷದ ನಂತರ ಈ ಕಾಲದ ಮನೆಗಳ ಒಳಮಾತು ತಿಳಿಯಬೇಕಾದರೆ, ಅಟ್ಟದ ಮೇಲಿನ ತಂತಿಯಲ್ಲಿ ಇನ್ನೂ ಉಳಿದಿರುವ ಕಾಗದಗಳೇ ಗತಿ. ಅವುಗಳ ಮೇಲಿನ ಊರು ಮತ್ತು ತಾರೀಖು ಅಳಿಸುವ ಮುನ್ನ, ಬರೆದವರು ಯಾರು, ಯಾರಿಗೆ ಏನಾಗಬೇಕು ಎಂಬುದನ್ನು ಹೇಳಬಲ್ಲ ಹಿರಿಯರು ಇರುವಾಗಲೇ, ಪ್ರತಿಯೊಂದರ ಬೆನ್ನಿಗೂ ಒಂದು ಸಾಲು ಬರೆದಿಡುವುದು ದೊಡ್ಡ ಕೆಲಸವೇನಲ್ಲ. ಮನ್ರೋನ ತಂಗಿಯ ಮನೆಯಲ್ಲಿ ಯಾರೋ ಅಷ್ಟು ಮಾಡಿದ್ದರಿಂದಲೇ, ಎತ್ತಿಗಿಂತ ಹೆಚ್ಚು ದುಡಿದು ಸತ್ತ ಹೆಸರಿಲ್ಲದ ಒಬ್ಬ ರೈತ ಹೆಂಗಸಿನ ನೆನಪು ಇಂದಿಗೂ ಉಳಿದಿದೆ.